ದೇವರ ಕೃಪೆ ಸಿಗಬೇಕಾದರೆ ನಾನು ಎಷ್ಟು ಸೇವೆ ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮನೆಯವರು ಕ್ರೈಸ್ತರಲ್ಲ, ಎರಡು ವರ್ಷದಿಂದ ನೀವೊಬ್ಬರೇ ಬೈಬಲ್ ಓದುತ್ತಿದ್ದೀರಿ, ಮನಸ್ಸು ಯೇಸುವಿನ ಕಡೆ ತಿರುಗಿದೆ ಎಂದು ಬರೆದಿದ್ದೀರಿ. ಆದರೆ 'ನಾನಿನ್ನೂ ಲಾಯಕ್ಕಾಗಿಲ್ಲ, ಮೊದಲು ಒಂದಷ್ಟು ಸೇವೆ ಮಾಡಬೇಕು, ಎಷ್ಟು ಮಾಡಿದರೆ ಸಾಕು' ಎಂದು ಕೇಳಿದ್ದೀರಿ.

ನಾನು ಪಾದ್ರಿಯಲ್ಲ. ಕೊಡಗಿನ ಅಮ್ಮತ್ತಿ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ಕುಯ್ದ ಹಣ್ಣು ತೂಗುವುದು, ವಾರದ ಬಟವಾಡೆ ಮಾಡುವುದು ನನ್ನ ಕೆಲಸ. ಹಾಗಾಗಿ 'ಎಷ್ಟು ಮಾಡಿದರೆ ಎಷ್ಟು' ಅನ್ನುವ ಲೆಕ್ಕ ನನಗೆ ಚೆನ್ನಾಗಿ ಬರುತ್ತದೆ. ನಾನು ಎಡವಿದ್ದೂ ಆ ಲೆಕ್ಕದಲ್ಲೇ.

ನಾನು ಹುಟ್ಟಿದ್ದು ವಿರಾಜಪೇಟೆಯ ಕಥೋಲಿಕ ಮನೆಯಲ್ಲಿ. ಅಲ್ಲಿನ ಸಂತ ಅನ್ನಮ್ಮ ಚರ್ಚ್ 1792ರದ್ದು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇರಲು ಜಾಗ ಕೊಟ್ಟ. ಬರಿಗೈಯಲ್ಲಿ ಬಂದವರು, ರಾಜನ ಧರ್ಮವೂ ಅವರದ್ದಲ್ಲ. ನಮ್ಮಲ್ಲಿ ಹೆಚ್ಚಿನವರು ಮಗುವಾಗಿದ್ದಾಗಲೇ ಜ್ಞಾನಸ್ನಾನ, ಅಂದರೆ ಧರ್ಮಸಭೆಗೆ ಸೇರಿಸುವ ನೀರಿನ ಸಂಸ್ಕಾರ, ಪಡೆದವರು. ತೊಟ್ಟಿಲಲ್ಲಿರುವ ಮಗು ಏನು ಸೇವೆ ಮಾಡಿರುತ್ತದೆ ಹೇಳಿ? ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ ಕೃಪೆ ಅಂದರೇನು ಎಂದು ನನಗೆ ಅರ್ಥವಾಗಿರಲಿಲ್ಲ. ನಮ್ಮ ಚರ್ಚಿನಲ್ಲಿ ಕೃಪೆಗೆ 'ವರಪ್ರಸಾದ' ಅನ್ನುತ್ತಾರೆ, ಆ ಮಾತನ್ನು ದಿನಾ ಹೇಳುತ್ತಿದ್ದೆ. ಅದು ಜಪಮಾಲೆಯ ಒಂದು ಮಾತು, ಅಷ್ಟೇ.

ಬೈಬಲಿನ ಮತ್ತಾಯ 20ನೇ ಅಧ್ಯಾಯದ ಕತೆ ನೀವು ಓದಿರುತ್ತೀರಿ. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಕೆಲವರನ್ನು ಕೆಲಸಕ್ಕೆ ಕರೆಯುತ್ತಾನೆ. ಆಮೇಲೆ ಒಂಬತ್ತು ಗಂಟೆಗೆ, ಮಧ್ಯಾಹ್ನ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಕೆಲವರನ್ನು ಕರೆಯುತ್ತಾನೆ. ಕೂಲಿ ಮಾತ್ರ ಎಲ್ಲರಿಗೂ ಒಂದೇ, ಒಂದು ದಿನದ್ದು. ಈ ಕತೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಐದು ಗಂಟೆಗೆ ಬಂದವನಿಗೆ ಪೂರ್ತಿ ಹಾಜರಿ ಹಾಕಿದರೆ ಮರುದಿನ ಬೆಳಿಗ್ಗೆ ತೋಟಕ್ಕೆ ಯಾರು ಬರುತ್ತಾರೆ? ನಾನು ಹತ್ತು ನಿಮಿಷ ತಡವಾದರೂ ಅರ್ಧ ಹಾಜರಿ ಬರೆಯುವವನಾಗಿದ್ದೆ.

ಒಂದು ವರ್ಷ ರೋಬಸ್ಟಾ ಕುಯ್ಲಿನಲ್ಲಿ ಹೀಗಾಯಿತು. ನಮ್ಮಲ್ಲಿ ದಿನಕ್ಕೆ ಇಷ್ಟು ಕಿಲೋ ಕುಯ್ಯಬೇಕು ಎಂದಿದೆ. ಅದಕ್ಕಿಂತ ಜಾಸ್ತಿ ಕುಯ್ದರೆ ಕಿಲೋ ಲೆಕ್ಕದಲ್ಲಿ ದುಡ್ಡು ಸೇರುತ್ತದೆ. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲು ಮನೆಯ, ಒಬ್ಬರು ಅಕ್ಕ ಎಲ್ಲರೆದುರು ನನ್ನ ಲೆಕ್ಕ ತಪ್ಪು ಎಂದರು. ನಿಜವಾಗಿಯೂ ತಪ್ಪಿತ್ತು. ಅವಮಾನವಾಯಿತು. ಆಮೇಲೆ ಸುಮಾರು ಎರಡು ವಾರ, ದಿನಾ ಅವರ ತೂಕದಲ್ಲಿ ಎರಡು ಕಿಲೋ, ಮೂರು ಕಿಲೋ ಕಡಿಮೆ ಬರೆದೆ. ದುಡ್ಡು ನನ್ನ ಜೇಬಿಗೆ ಬರಲಿಲ್ಲ. ಸುಮ್ನೆ ಹೊಟ್ಟೆಯೊಳಗಿನ ಉರಿ.

ಅದೇ ಹೊತ್ತಿಗೆ ನನ್ನ ಹೆಂಡತಿ ಹುಷಾರಿಲ್ಲದೆ ಆಸ್ಪತ್ರೆ ಸೇರಿದಳು. ಆ ಅಕ್ಕ ಐದು ದಿನ ಸಂಜೆ ಕೆಲಸ ಮುಗಿಸಿ, ನಮ್ಮ ಮಕ್ಕಳಿಗೆ ಅನ್ನ, ಸಾರು ತಂದಿಟ್ಟು ಹೋದರು. ಐದನೇ ದಿನ ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ತೂಕದ ವಿಷಯ ಹೇಳಿಬಿಟ್ಟೆ.

"ಗೊತ್ತಿತ್ತು ರೈಟ್ರೇ, ಮುಳ್ಳು ನೋಡೋಕೆ ನಂಗೂ ಬರ್ತದೆ" ಎಂದರು. ಪಾತ್ರೆ ತೊಳೆದಿದ್ದೀರಾ ಎಂದು ಕೇಳಿ, ತಗೊಂಡು ಹೋದರು.

ಅವರಿಗೆ ಗೊತ್ತಿದ್ದೂ ಅನ್ನ ತಂದಿದ್ದರು ಎಂಬುದು ನನಗೆ ರಾತ್ರಿಯಿಡೀ ನಿದ್ದೆ ಕೊಡಲಿಲ್ಲ. ನಾನು ತಪ್ಪು ಒಪ್ಪಿಕೊಂಡ ಮೇಲೆ ಕರುಣೆ ಬಂದಿದ್ದರೆ ಅದು ನನ್ನ ಲೆಕ್ಕಕ್ಕೆ ಸರಿಹೋಗುತ್ತಿತ್ತು. ಅದು ಮೊದಲೇ ಬಂದಿತ್ತು. ಆ ಭಾನುವಾರ ಪಾದ್ರಿಯ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗೆ ಹೋದೆ. ಫಾದರ್ ಮೊದಲು ಕೇಳಿದ್ದು "ದುಡ್ಡು ವಾಪಸ್ ಕೊಟ್ಟಿರಾ?" ಎಂದು. ಲೆಕ್ಕ ಹಾಕಿ, ಮೇಲೆ ಸ್ವಲ್ಪ ಸೇರಿಸಿ ನನ್ನ ಕೈಯಿಂದ ಕೊಟ್ಟೆ. ಅಕ್ಕ ಬೇಡ ಅನ್ನಲಿಲ್ಲ. ಎಣಿಸಿಯೇ ತಗೊಂಡರು.

ಲೂಕ 19ರ ಜಕ್ಕಾಯನ ಕತೆಯಲ್ಲೂ ಇದೇ ಕ್ರಮ ಇದೆ, ಗಮನಿಸಿ. ಸುಂಕದವನು, ನನ್ನ ಹಾಗೆ ಲೆಕ್ಕದ ಪುಸ್ತಕ ಹಿಡಿದವನು. ಯೇಸುವನ್ನು ನೋಡಲು ಮರ ಹತ್ತಿದ್ದ. 'ಮೋಸದ ದುಡ್ಡು ವಾಪಸ್ ಕೊಡು, ಆಮೇಲೆ ನಿನ್ನ ಮನೆಗೆ ಬರುತ್ತೇನೆ' ಎಂದು ಯೇಸು ಹೇಳಲಿಲ್ಲ. ಈ ಹೊತ್ತು ನಿನ್ನ ಮನೆಯಲ್ಲೇ ಇರಬೇಕು ಎಂದು ಮರದಿಂದ ಇಳಿಸಿದರು. ಅರ್ಧ ಆಸ್ತಿ ಬಡವರಿಗೆ, ಮೋಸಕ್ಕೆ ನಾಲ್ಕರಷ್ಟು ಎಂದು ಅವನು ಹೇಳಿದ್ದು ಆಮೇಲೆ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲನೂ ಹಾಗೇ ಹೇಳುತ್ತಾನೆ. ರಕ್ಷಣೆ ನಮ್ಮ ಕೆಲಸಕ್ಕೆ ಸಿಕ್ಕ ಕೂಲಿಯಲ್ಲ ಎಂಬುದು 8 ಮತ್ತು 9ನೇ ವಚನ. ಒಳ್ಳೆಯ ಕೆಲಸಕ್ಕಾಗಿಯೇ ನಮ್ಮನ್ನು ಉಂಟುಮಾಡಿದ್ದು ಎಂಬುದು 10. ತುಂಬಾ ಜನ 9ಕ್ಕೆ ಪುಸ್ತಕ ಮುಚ್ಚುತ್ತಾರೆ. ನೀವು 10ರಿಂದ ಶುರು ಮಾಡಲು ಹೊರಟಿದ್ದೀರಿ.

ಕೊಡಗಿನದ್ದೇ ಇನ್ನೊಂದು ಸಂಗತಿ. 'ಮಂಗಳೂರ ಸಮಾಚಾರ' ಪತ್ರಿಕೆ ತಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿ ಹರ್ಮನ್ ಮೊಗ್ಲಿಂಗ್, ಆರೋಗ್ಯ ಕೆಟ್ಟು ತಾಯ್ನಾಡಿಗೆ ಮರಳುವ ಯೋಚನೆಯಲ್ಲಿದ್ದರು. ಆಗ ಸೋಮಯ್ಯ ಎಂಬ ಕೊಡವರೊಬ್ಬರು ತಾವಾಗಿಯೇ ಮಂಗಳೂರಿಗೆ ಹೋಗಿ ಜ್ಞಾನಸ್ನಾನ ಕೇಳಿದರು. ಮೊಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದದ್ದು ಹಾಗೆ. ನಮ್ಮ ಅಮ್ಮತ್ತಿ ಪಕ್ಕದ ಆನಂದಪುರ ಅವರು ಕಟ್ಟಿದ ಊರು. ಇಲ್ಲಿ ಯಾರು ಯಾರನ್ನು ಪರಿವರ್ತಿಸಿದರು ಹೇಳಿ! ಹೊರಡಬೇಕೆಂದಿದ್ದ ಪಾದ್ರಿಯೇ ದಾರಿ ಬದಲಿಸಿದರು, ಅಲ್ವಾ?

ಸೇವೆಯ ಬಗ್ಗೆ ಒಂದು ಮಾತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಾನೂ ಪರಿಹಾರ ಕೇಂದ್ರಕ್ಕೆ ಹೋಗಿದ್ದೆ. ಎಲ್ಲ ಧರ್ಮದವರೂ ಬೇಯಿಸಿದರು, ಬಡಿಸಿದರು. ಒಬ್ಬರು ಮಾತ್ರ ಕಂಬಳಿ ಕೊಡುತ್ತಾ ಪ್ರಾರ್ಥನೆಗೆ ಬರುತ್ತೀರಾ ಎಂದು ಕೇಳುತ್ತಿದ್ದರು. ನನಗೆ ಮೈ ಉರಿಯಿತು. ಷರತ್ತು ಹಾಕಿ ಕೊಟ್ಟರೆ ಅದು ವ್ಯಾಪಾರ. ದೇವರ ಮೆಚ್ಚುಗೆ ಗಳಿಸಲು ಮಾಡುವ ಸೇವೆಯೂ ಹೆಚ್ಚು ಕಡಿಮೆ ಅದೇ ಜಾತಿಯದ್ದು. ಎದುರಿಗಿರುವ ಮನುಷ್ಯ ನಮ್ಮ ಪುಸ್ತಕದಲ್ಲಿ ಒಂದು ಹಾಜರಿ ಆಗಿಬಿಡುತ್ತಾನೆ.

ಹಾಗಾಗಿ ಲಾಯಕ್ಕಾಗುವ ತನಕ ಕಾಯಬೇಡಿ. ಅವಸರವನ್ನೂ ಮಾಡಬೇಡಿ. ನಮ್ಮ ಕಥೋಲಿಕ ಧರ್ಮಸಭೆಯಲ್ಲಿ ದೊಡ್ಡವರಿಗೆ ಕೇಳಿದ ತಕ್ಷಣ ಜ್ಞಾನಸ್ನಾನ ಕೊಡುವುದಿಲ್ಲ. ತಿಂಗಳುಗಟ್ಟಲೆ ಕಲಿಯಲು ಇರುತ್ತದೆ. ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿಯ ಪೂಜೆಯಲ್ಲಿ ಕೊಡುತ್ತಾರೆ. ಆ ಸಮಯ ನಿಮಗೆ ಒಳ್ಳೆಯದೇ. ಅಷ್ಟರಲ್ಲಿ ಅಪ್ಪ ಅಮ್ಮನ ಹತ್ತಿರ ಕೂತು ಮಾತಾಡಿ. ಅವರಿಂದ ಮುಚ್ಚಿಡಬೇಡಿ.

ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ಈಗಲೂ ತಡವಾಗಿ ಬಂದವರನ್ನು ಕಂಡರೆ ಮುಖ ಗಂಟಿಕ್ಕುತ್ತದೆ. ಆದರೆ ತೂಕವನ್ನು ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಕೂಗಿ, ಆಮೇಲೆ ಬರೆಯುತ್ತೇನೆ. ಆ ಅಕ್ಕ ಈಗಲೂ ಚೀಲ ಇಟ್ಟು ತಕ್ಕಡಿ ಪಕ್ಕಕ್ಕೇ ಬಂದು ನಿಂತು, ಮುಳ್ಳನ್ನೇ ನೋಡುತ್ತಾರೆ. ನೋಡಲಿ.