ದೊಡ್ಡ ನಕ್ಷತ್ರದಲ್ಲಿ ಇಂಧನ ಜಾಸ್ತಿ, ಆದರೂ ಅದು ಬೇಗ ಸಾಯುವುದು ಯಾಕೆ?

ಇಂಧನ ಜಾಸ್ತಿ ಇರುವುದು ನಿಜ. ಆದರೆ ಅದನ್ನು ಉರಿಸುವ ವೇಗ ಇನ್ನೂ ಎಷ್ಟೋ ಪಟ್ಟು ಜಾಸ್ತಿ. ತೂಕ ಹೆಚ್ಚಿದಷ್ಟೂ ಗುರುತ್ವ ನಕ್ಷತ್ರವನ್ನು ಒಳಕ್ಕೆ ಒತ್ತುತ್ತದೆ. ಅದನ್ನು ತಡೆದು ನಿಲ್ಲಲು ನಡುಭಾಗದ ಬಿಸಿ ಏರಲೇಬೇಕು. ಬಿಸಿ ಸ್ವಲ್ಪ ಏರಿದರೂ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವ ಕೆಲಸ ವಿಪರೀತ ಜೋರಾಗುತ್ತದೆ. ಸೂರ್ಯನ ಆಯಸ್ಸು ಸುಮಾರು 1,000 ಕೋಟಿ ವರ್ಷ. ಅದರ 10 ಪಟ್ಟು ತೂಕದ ನಕ್ಷತ್ರಕ್ಕೆ ಬರೀ 2-3 ಕೋಟಿ ವರ್ಷ.

ನಮ್ಮ ವಿಜಯಪುರದ ರೈತರು ಮಳೆಯ ಲೆಕ್ಕದಲ್ಲಿ ಹೇಳುವ ಆರಿದ್ರಾ ನಕ್ಷತ್ರವನ್ನೇ ನೋಡಿ. ಜನವರಿ ರಾತ್ರಿ ಜೋಳದ ಹೊಲದಲ್ಲಿ ನಿಂತರೆ ಕೆಂಪಗೆ ಹೊಳೆಯುತ್ತದೆ, ಎಷ್ಟು ಚಂದ ಅಲ್ವಾ! ವಯಸ್ಸು 1 ಕೋಟಿ ವರ್ಷದ ಆಸುಪಾಸು ಅಷ್ಟೇ, ಆಗಲೇ ಮುದಿಯಾಗಿ ಉಬ್ಬಿದೆ. ಮುಂದೊಮ್ಮೆ ಸಿಡಿಯುತ್ತದೆ. ಆ ಸಿಡಿತಕ್ಕೇ ಸೂಪರ್‌ನೋವಾ ಅನ್ನುವುದು.