ಜಾಝ್ ಚರಿತ್ರೆಯಲ್ಲಿ 1959ನೇ ಇಸವಿಗೆ ಅಷ್ಟೊಂದು ಮಹತ್ವ ಏಕೆ?

ತಾವು ಎರಡು ಪ್ರಶ್ನೆ ಕೇಳಿದ್ದೀರಿ: ಜಾಝ್ ಬಗ್ಗೆ ಏನನ್ನು ಓದಿದರೂ 1959 ಎಂಬ ಇಸವಿ ಮತ್ತೆ ಮತ್ತೆ ಎದುರಾಗುವುದೇಕೆ, ಮತ್ತು ಕರ್ನಾಟಕ ಸಂಗೀತವನ್ನಷ್ಟೇ ಕೇಳಿ ಬೆಳೆದ ಕಿವಿಗೆ ಆ ವರ್ಷದ ಯಾವ ಧ್ವನಿಮುದ್ರಿಕೆ ಮೊದಲು ಹಿಡಿಸೀತು. ನಾನು ಸಂಗೀತಶಾಸ್ತ್ರ ಓದಿದವನಲ್ಲ. ಹುಡುಗನಾಗಿದ್ದಾಗ ಆರು ವರ್ಷ ಮೃದಂಗ ಕಲಿತು ಬಿಟ್ಟವನು. ಜಾಝ್ ಕೇಳಲು ತೊಡಗಿದ್ದು ವಯಸ್ಸು ಮೂವತ್ತು ದಾಟಿದ ಮೇಲೆ. ಉತ್ತರವನ್ನೂ ಅಂಥ ಕಿವಿಯಿಂದಲೇ ಕೊಡುತ್ತಿದ್ದೇನೆ.

ಆ ವರ್ಷ ನಾಲ್ಕೈದು ಶ್ರೇಷ್ಠ ಆಲ್ಬಂಗಳು ಹುಟ್ಟಿದವು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ಸುಳ್ಳಲ್ಲ, ಆದರೆ ಶ್ರೇಷ್ಠ ಆಲ್ಬಂಗಳು 1957ರಲ್ಲೂ ಬಂದಿದ್ದವು, 1964ರಲ್ಲೂ ಬಂದವು. 1959ರ ವಿಶೇಷ ಬೇರೆಯೇ ಇದೆ: ಒಂದೇ ತೊಡಕಿನಲ್ಲಿ ಸಿಲುಕಿದ್ದ ಹಲವು ಕಲಾವಿದರು ಕೆಲವೇ ತಿಂಗಳ ಒಳಗೆ ಒಂದಕ್ಕೊಂದು ತೀರ ವಿರುದ್ಧವಾದ ದಾರಿಗಳನ್ನು ಹಿಡಿದು ಹೊರಬಂದರು.

ಆ ತೊಡಕು ಏನೆಂದು ಮೊದಲು ಹೇಳಬೇಕು. ಕಾರ್ಡ್ ಎಂದರೆ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುವುದು. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮೊದಲಾದವರು ರೂಪಿಸಿದ ಬೀಬಾಪ್ ಶೈಲಿಯಲ್ಲಿ ಈ ಕಾರ್ಡ್‌ಗಳು ಅತಿ ವೇಗವಾಗಿ ಬದಲಾಗುತ್ತಿದ್ದವು, ಮನೋಧರ್ಮ ನುಡಿಸುವ ವಾದಕನು ಪ್ರತಿಯೊಂದು ಬದಲಾವಣೆಗೂ ತಕ್ಕ ಸ್ವರಗಳನ್ನು ಆರಿಸಿಕೊಂಡು ಓಡಬೇಕಾಗಿತ್ತು. ಪಾರ್ಕರ್ ಕೈಯಲ್ಲಿ ಅದು ಮಿಂಚಾಗಿತ್ತು. 1955ರಲ್ಲಿ ಅವರು 34ನೇ ವಯಸ್ಸಿಗೇ ತೀರಿಕೊಂಡಾಗ, ಅವರ ಹಿಂದೆ ಉಳಿದವರಲ್ಲಿ ಅನೇಕರ ಕೈಯಲ್ಲಿ ಅದು ಬಾಯಿಪಾಠವಾಗತೊಡಗಿತ್ತು.

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಕಂಡುಕೊಂಡ ದಾರಿ ಕಾರ್ಡ್‌ಗಳನ್ನು ಕಡಿಮೆ ಮಾಡುವುದು. ನ್ಯೂಯಾರ್ಕಿನ 30ನೇ ಬೀದಿಯಲ್ಲಿ, ಹಿಂದೆ ಚರ್ಚ್ ಆಗಿದ್ದ ಕಟ್ಟಡವೊಂದನ್ನು ಕೊಲಂಬಿಯಾ ಕಂಪನಿ ಸ್ಟುಡಿಯೋ ಮಾಡಿಕೊಂಡಿತ್ತು. ಅಲ್ಲಿ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಎರಡೇ ದಿನಗಳಲ್ಲಿ, ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಣವಾಯಿತು. ಅದರ ಮೊದಲ ರಚನೆ ‘ಸೋ ವಾಟ್’ ಅನ್ನು ನಮ್ಮ ಭಾಷೆಯಲ್ಲಿ ವಿವರಿಸುವುದು ಅಷ್ಟೇನೂ ಕಷ್ಟವಲ್ಲ. ಅದರ ಸ್ವರಗಳು ಖರಹರಪ್ರಿಯ ಮೇಳದವು, ಶ್ರುತಿ ಎರಡು ಮನೆ. ನಾಲ್ಕು ಎಣಿಕೆಯ 16 ಬಾರ್‌ಗಳವರೆಗೆ ಅದೇ ನಡೆಯುತ್ತದೆ; ನಂತರದ 8 ಬಾರ್‌ಗಳಿಗೆ ಇಡೀ ಮೇಳವನ್ನೇ ಎರಡೂವರೆ ಮನೆಗೆ ಏರಿಸುತ್ತಾರೆ; ಕೊನೆಯ 8 ಬಾರ್‌ಗಳಲ್ಲಿ ಮತ್ತೆ ಎರಡು ಮನೆಗೆ ಇಳಿಯುತ್ತಾರೆ. ಇದು ಗ್ರಹಭೇದವಲ್ಲ, ಶ್ರುತಿಪೆಟ್ಟಿಗೆಯನ್ನೇ ಅರ್ಧ ಮನೆ ಎತ್ತಿದಂತೆ. ಇಷ್ಟು ವಿಶಾಲವಾದ ಜಾಗ ಸಿಕ್ಕಿದಾಗ ವಾದಕನಿಗೆ ಓಡುವ ಅಗತ್ಯವಿಲ್ಲ, ಒಂದು ಸ್ವರದ ಮೇಲೆ ನಿಲ್ಲಬಹುದು, ಸುಮ್ಮನೆಯೂ ಇರಬಹುದು. ಆದರೂ ಇದನ್ನು ರಾಗವೆಂದು ಕರೆಯುವ ಉತ್ಸಾಹಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಇರುವುದು ಮೇಳ ಮಾತ್ರ; ರಾಗಕ್ಕೆ ಬೇಕಾದ ಸಂಚಾರವಾಗಲೀ ಗಮಕವಾಗಲೀ ಇಲ್ಲ.

(ಶ್ರುತಿಯ ಮಾತು ಬಂದಿತೆಂದು ಒಂದು ಸಂಗತಿ. ಮಾರ್ಚ್ 2ರಂದು ಸ್ಟುಡಿಯೋದ ಒಂದು ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು, ಹೀಗಾಗಿ ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಎಲ್‌ಪಿಯ ಮೊದಲ ಮಗ್ಗುಲಿನ ಮೂರೂ ರಚನೆಗಳು ನಿಜವಾದ ಶ್ರುತಿಗಿಂತ ಒಂದಿಷ್ಟು ಮೇಲೆ ಕೇಳಿಸುತ್ತಿದ್ದವು. ಇದು ಸರಿಹೋದದ್ದು 1992ರ ಮರುಬಿಡುಗಡೆಯಲ್ಲಿ. ಹಳೆಯ ಎಲ್‌ಪಿ ಹಾಕಿಕೊಂಡು ಜೊತೆಯಲ್ಲಿ ನುಡಿಸಿ ಕಲಿತವರು ಎಷ್ಟು ಪರದಾಡಿರಬೇಕು!)

ಈಗ ಮೇ ತಿಂಗಳೊಂದನ್ನೇ ಗಮನಿಸಿ. ಮೈಲ್ಸ್ ಅವರ ತಂಡದಲ್ಲಿ ಟೆನರ್ ಸ್ಯಾಕ್ಸೊಫೋನ್ ನುಡಿಸಿದ್ದವರು ಜಾನ್ ಕೋಲ್ಟ್ರೇನ್. ಏಪ್ರಿಲ್ 22ರಂದು ಆ ವಿಶಾಲ ಬಯಲಿನಲ್ಲಿ ನಿರಾಳವಾಗಿ ನುಡಿಸಿದ ಅದೇ ಮನುಷ್ಯ ಹನ್ನೆರಡು ದಿನಗಳ ನಂತರ, ಮೇ 4 ಮತ್ತು 5ರಂದು, ಅಟ್ಲಾಂಟಿಕ್ ಕಂಪನಿಗಾಗಿ ‘ಜಯಂಟ್ ಸ್ಟೆಪ್ಸ್’ ಆಲ್ಬಂನ ಬಹುಭಾಗವನ್ನು ಮುದ್ರಿಸಿದರು. ಅಲ್ಲಿ ಅವರು ತುಳಿದದ್ದು ಪೂರ್ತಿ ಎದುರು ದಿಕ್ಕು: ಕಾರ್ಡ್‌ಗಳು ಹೊರೆಯಾದವು ಎನ್ನುವುದಾದರೆ ಆ ಹೊರೆಯನ್ನು ಇನ್ನೂ ಹೆಚ್ಚಿಸಿ ನೋಡೋಣ ಎಂಬಂತೆ. ಶೀರ್ಷಿಕೆಯ ರಚನೆಯಲ್ಲಿ 16 ಬಾರ್‌ಗಳೊಳಗೆ 26 ಕಾರ್ಡ್ ಬದಲಾವಣೆಗಳಿವೆ. ಪರಸ್ಪರ ಅಂತರ ಗಾಂಧಾರದಷ್ಟು ದೂರದಲ್ಲಿರುವ ಮೂರು ಷಡ್ಜಗಳ ನಡುವೆ ಅದು ಒಂದೇ ಸಮನೆ ಸುತ್ತುತ್ತದೆ, ಅದೂ ಉಸಿರು ಕಟ್ಟುವ ವೇಗದಲ್ಲಿ. ಕೋಲ್ಟ್ರೇನ್ ಆ ದಾರಿಯನ್ನು ಸಾಧನೆ ಮಾಡಿ ಪಳಗಿಸಿಕೊಂಡಿದ್ದರು; ಪಿಯಾನೋ ನುಡಿಸಿದ ಟಾಮಿ ಫ್ಲಾನಗನ್ ಸಾಮಾನ್ಯರಲ್ಲ, ಆದರೂ ತಮ್ಮ ಸರದಿ ಬಂದಾಗ ತಡವರಿಸಿ, ಕೊನೆಗೆ ಬರಿಯ ಕಾರ್ಡ್‌ಗಳನ್ನು ಒತ್ತುತ್ತ ಮುಗಿಸುವುದು ಇಂದಿಗೂ ಆ ಮುದ್ರಿಕೆಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಅದನ್ನು ಅಳಿಸದೆ ಉಳಿಸಿದ್ದು ಒಳ್ಳೆಯದೇ ಆಯಿತು ಎಂದು ನನಗೆ ಅನ್ನಿಸುತ್ತದೆ, ಆ ರಚನೆ ಎಷ್ಟು ಕಠಿಣವೆಂದು ತಿಳಿಯಲು ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ಮೇ 5ರಂದು, ಅದೇ ಊರಿನಲ್ಲಿ, 30ನೇ ಬೀದಿಯ ಆ ಹಳೆಯ ಚರ್ಚಿನೊಳಗೆ ಬಾಸ್ (ಮಂದ್ರ ಸ್ವರಗಳ ದೊಡ್ಡ ತಂತಿವಾದ್ಯ) ವಾದಕ ಚಾರ್ಲ್ಸ್ ಮಿಂಗಸ್ ‘ಮಿಂಗಸ್ ಆಹ್ ಉಮ್’ ಆಲ್ಬಂ ಆರಂಭಿಸಿದರು. ಮೇ 12ಕ್ಕೆ ಅದು ಮುಗಿಯಿತು. ಅವರ ನೋಟವಿದ್ದದ್ದು ಹಿಂದಕ್ಕೆ: ಕಪ್ಪು ಜನರ ಚರ್ಚಿನ ಕೂಗು, ಚಪ್ಪಾಳೆ, ಬ್ಲೂಸ್, ಡ್ಯೂಕ್ ಎಲಿಂಗ್ಟನ್‌ರ ವಾದ್ಯವೃಂದದ ಬಣ್ಣಗಳು. ಮಾರ್ಚ್ 15ರಂದು ತೀರಿಹೋಗಿದ್ದ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಚಪ್ಪಟೆ ಮೇಲ್ಭಾಗದ ಒಂದು ಬಗೆಯ ಟೊಪ್ಪಿ ಧರಿಸುತ್ತಿದ್ದರು. ಆ ಟೊಪ್ಪಿಗೆ ವಿದಾಯ ಹೇಳುವ ಶೋಕದ ರಚನೆ ಈ ಆಲ್ಬಂನಲ್ಲಿದೆ. 1957ರಲ್ಲಿ ಲಿಟಲ್ ರಾಕ್ ನಗರದ ಶಾಲೆಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಹೋಗದಂತೆ ಸೈನಿಕರನ್ನು ನಿಲ್ಲಿಸಿದ ಅರ್ಕನ್ಸಾ ರಾಜ್ಯದ ಗವರ್ನರ್ ಆರ್ವಲ್ ಫೌಬಸ್‌ರನ್ನು ಅಣಕಿಸುವ ರಚನೆಯೂ ಇದೆ. ಇಲ್ಲಿ ಅದು ವಾದ್ಯಗಳಲ್ಲಿ ಮಾತ್ರ ಬಂದಿತು. ಸಾಹಿತ್ಯದೊಂದಿಗೆ ಬಂದದ್ದು 1960ರಲ್ಲಿ, ಬೇರೊಂದು ಕಂಪನಿಯಿಂದ.

ಮೇ 22ರಂದು ದೇಶದ ಇನ್ನೊಂದು ತುದಿಯಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಆರ್ನೆಟ್ ಕೋಲ್ಮನ್ ‘ದ ಶೇಪ್ ಆಫ್ ಜಾಝ್ ಟು ಕಮ್’ ಮುದ್ರಿಸಿದರು. ಅವರು ಕಾರ್ಡ್‌ಗಳ ಸರಣಿಯನ್ನೇ ಕೈಬಿಟ್ಟರು. ಕಾರ್ಡ್ ಒದಗಿಸುವ ಪಿಯಾನೋ ತಂಡದಲ್ಲಿ ಇಲ್ಲವೇ ಇಲ್ಲ. ಡಾನ್ ಚೆರಿ ಅವರ ಕಾರ್ನೆಟ್, ಚಾರ್ಲಿ ಹೇಡನ್ ಅವರ ಬಾಸ್, ಬಿಲ್ಲಿ ಹಿಗ್ಗಿನ್ಸ್ ಅವರ ಡ್ರಮ್ಸ್, ಕೋಲ್ಮನ್ ಅವರ ಬಿಳಿ ಪ್ಲಾಸ್ಟಿಕ್ ಆಲ್ಟೊ ಸ್ಯಾಕ್ಸೊಫೋನ್, ಇಷ್ಟೇ. ನವೆಂಬರ್ 17ರಂದು ಈ ತಂಡ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ನುಡಿಸತೊಡಗಿದಾಗ ಊರಿನ ಸಂಗೀತಗಾರರೇ ಎರಡು ಪಕ್ಷವಾದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಾದ್ಯವೃಂದ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೀನ್ ಮೆಚ್ಚಿದರು. ಮೈಲ್ಸ್ ಡೇವಿಸ್ ಹಳಿದರು. ಎರಡು ವಾರಗಳಿಗೆಂದು ಗೊತ್ತಾಗಿದ್ದ ಕಾರ್ಯಕ್ರಮ ಹತ್ತು ವಾರಗಳವರೆಗೆ ಬೆಳೆಯಿತು.

ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರ ‘ಟೈಮ್ ಔಟ್’ ಮುದ್ರಣವಾದದ್ದು ಜೂನ್ ಮತ್ತು ಆಗಸ್ಟ್ ನಡುವೆ, ಬಿಡುಗಡೆಯಾದದ್ದು ಡಿಸೆಂಬರಿನಲ್ಲಿ. ಅವರು ಸ್ವರದ ತಂಟೆಗೆ ಹೋಗದೆ ತಾಳವನ್ನು ಬದಲಿಸಿದರು. 1958ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಅವರ ತಂಡ ಟರ್ಕಿಯಲ್ಲಿಯೂ ಭಾರತದಲ್ಲಿಯೂ ಪ್ರವಾಸ ಮಾಡಿತ್ತು. ಇಸ್ತಾಂಬುಲ್‌ನ ಬೀದಿ ವಾದಕರಿಂದ ಕೇಳಿದ ಒಂಬತ್ತು ಎಣಿಕೆಯ ಲಯವೇ ‘ಬ್ಲೂ ರಾಂಡೊ ಅಲಾ ಟರ್ಕ್’ ಆಯಿತು: ತಕ ತಕ ತಕ ತಕಿಟ ಎಂದು ಮೂರು ಸಲ, ತಕಿಟ ತಕಿಟ ತಕಿಟ ಎಂದು ಒಂದು ಸಲ. ಆಲ್ಟೊ ವಾದಕ ಪಾಲ್ ಡೆಸ್ಮಂಡ್ ರಚಿಸಿದ ‘ಟೇಕ್ ಫೈವ್’ ಐದು ಎಣಿಕೆಯದು. ಅದನ್ನು ಮೊದಲ ಸಲ ಕೇಳಿದಾಗ, ಇದರಲ್ಲಿ ಅಮೆರಿಕನ್ನರು ಬೆರಗಾಗುವಂಥದ್ದು ಏನಿದೆ, ನಮ್ಮ ಖಂಡ ಚಾಪುವೇ ತಾನೇ ಎಂದು ನಾನು ಉಡಾಫೆ ಮಾಡಿದ್ದುಂಟು. ತೊಡೆಯ ಮೇಲೆ ತಾಳ ಹಾಕಲು ಹೋದಾಗ ತಪ್ಪು ತಿಳಿಯಿತು. ಖಂಡ ಚಾಪು ಎರಡು ಮತ್ತು ಮೂರು. ಇದು ಮೂರು ಮತ್ತು ಎರಡು, ನಮ್ಮ ಕೈ ಬೀಳುವ ಜಾಗದಲ್ಲಿ ಒತ್ತು ಬೀಳುವುದೇ ಇಲ್ಲ. ಈ ಹಾಡು ಜನಪ್ರಿಯವಾದದ್ದು 1961ರಲ್ಲಿ. ಡೆಸ್ಮಂಡ್ 1977ರಲ್ಲಿ ತೀರಿಕೊಳ್ಳುವಾಗ ಅದರ ಗೌರವಧನವನ್ನು ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟರು.

ಇಷ್ಟನ್ನೇ ಹೇಳಿದರೆ ಅದು ಹಬ್ಬದ ವರ್ಷವೆಂಬ ಭಾವನೆ ಬರುತ್ತದೆ. ಅಲ್ಲಿ ಬದುಕಿದ್ದವರಿಗೆ ಅದು ಸಾವಿನ ವರ್ಷವೂ ಆಗಿತ್ತು. ಲೆಸ್ಟರ್ ಯಂಗ್ ಹೋದರು. ನ್ಯೂ ಆರ್ಲಿಯನ್ಸ್‌ನ ಮೊದಲ ತಲೆಮಾರಿನ ಜಾಝ್ ವಾದಕ ಸಿಡ್ನಿ ಬೆಶೆ, ಮಿಂಗಸ್ ತಮ್ಮ ಆಲ್ಬಂ ಮುಗಿಸಿದ ಎರಡು ದಿನಕ್ಕೆ, ಮೇ 14ರಂದು, ಫ್ರಾನ್ಸಿನಲ್ಲಿ ತೀರಿಕೊಂಡರು; ಅಂದು ಅವರ 62ನೇ ಹುಟ್ಟುಹಬ್ಬ. ಜುಲೈ 17ರಂದು ಗಾಯಕಿ ಬಿಲ್ಲಿ ಹಾಲಿಡೇ, 44ನೇ ವಯಸ್ಸಿನಲ್ಲಿ, ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಾದಕವಸ್ತುವಿನ ಆರೋಪದ ಮೇಲೆ ಹಾಸಿಗೆಯಲ್ಲಿದ್ದಂತೆಯೇ ಅವರನ್ನು ಬಂಧಿಸಿ, ಕೋಣೆಗೆ ಪೊಲೀಸ್ ಕಾವಲು ಹಾಕಲಾಗಿತ್ತು. ಆಗಸ್ಟ್ 17ರಂದು ‘ಕೈಂಡ್ ಆಫ್ ಬ್ಲೂ’ ಅಂಗಡಿಗಳಿಗೆ ಬಂದಿತು; ಎಂಟು ದಿನಗಳ ಬಳಿಕ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಹೊರಗೆ, ಬಾಗಿಲ ಮೇಲಿನ ಫಲಕದಲ್ಲಿ ತಮ್ಮದೇ ಹೆಸರು ಬೆಳಗುತ್ತಿದ್ದಾಗ, ಸಿಗರೇಟು ಸೇದುತ್ತ ನಿಂತಿದ್ದ ಮೈಲ್ಸ್ ಡೇವಿಸ್‌ರನ್ನು ಪೊಲೀಸರು ತಲೆಯಿಂದ ರಕ್ತ ಸುರಿಯುವಂತೆ ಹೊಡೆದು ಠಾಣೆಗೆ ಒಯ್ದರು. ಆ ಆಲ್ಬಂನ ಪ್ರಶಾಂತತೆಯನ್ನು ಹೊಗಳುವವರು ಈ ಸಂಗತಿಯನ್ನೂ ನೆನಪಿಡಬೇಕು ಎಂಬುದು ನನ್ನ ಆಗ್ರಹ.

ಇನ್ನು ತಮ್ಮ ಎರಡನೆಯ ಪ್ರಶ್ನೆ. ಎಲ್ಲರೂ ‘ಸೋ ವಾಟ್’ ಇಂದ ಆರಂಭಿಸಿ ಎನ್ನುತ್ತಾರೆ. ತಾವು ಏಪ್ರಿಲ್ 22ರಂದು ಮುದ್ರಿಸಿದ ‘ಆಲ್ ಬ್ಲೂಸ್’ ಇಂದ ಆರಂಭಿಸಿ, ಅದು ಮುಗಿದ ಕೂಡಲೇ ‘ಜಯಂಟ್ ಸ್ಟೆಪ್ಸ್’ ಹಾಕಿಕೊಳ್ಳಿ. ಎರಡರಲ್ಲಿಯೂ ಬಾಸ್ ನುಡಿಸಿದವರು ಪಾಲ್ ಚೇಂಬರ್ಸ್ ಒಬ್ಬರೇ, ಆಗ ಅವರಿಗೆ 24 ವರ್ಷ. ಮೊದಲ ಸಲಕ್ಕೆ ಟ್ರಂಪೆಟ್, ಸ್ಯಾಕ್ಸೊಫೋನ್‌ಗಳ ಕಡೆ ಗಮನ ಕೊಡದೆ ಆ ಬಾಸ್ ಒಂದನ್ನೇ ಹಿಡಿದುಕೊಂಡು ಕೇಳಿ: ಮೊದಲನೆಯದರಲ್ಲಿ ಅದು ಒಂದೇ ಸಣ್ಣ ಪಲುಕನ್ನು ತಂಬೂರಿಯಂತೆ ಮತ್ತೆ ಮತ್ತೆ ಮೀಟುತ್ತ ಕೂತಿರುತ್ತದೆ, ಎರಡನೆಯದರಲ್ಲಿ ಅದೇ ಬೆರಳುಗಳು ಒಂದು ಎಣಿಕೆಯಷ್ಟೂ ಬಿಡುವಿಲ್ಲದೆ ಓಡುತ್ತವೆ.