ಹಬ್ಬಕ್ಕೆ ಮನೆಯಲ್ಲೇ ಮೊಗ್ಗಿನ ಜಡೆ, ತುರುಬು: ಭಾರ ಬುಡಕ್ಕೆ ಬೀಳದಿರಲಿ

ಪ್ರಶ್ನೆ: ಏಳು ವರ್ಷದ ಮಗಳಿಗೆ ಗೌರಿ ಹಬ್ಬಕ್ಕೆ ಮೊಗ್ಗಿನ ಜಡೆ ಹಾಕಿಸಿಕೊಳ್ಳುವ ಆಸೆ. ಅವಳ ಕೂದಲು ಭುಜದಿಂದ ನಾಲ್ಕು ಬೆರಳಷ್ಟು ಕೆಳಗಿದೆ. ಕಳೆದ ವರ್ಷ ಚೌರಿ ಸೇರಿಸಿ ಹಾಕಿಸಿದಾಗ ತಲೆನೋವೆಂದು ಅತ್ತು ಆರತಿಗೆ ಮೊದಲೇ ಬಿಚ್ಚಿಸಿಕೊಂಡಳು. ನನಗೆ ಎರಡನೆಯ ಹೆರಿಗೆಯಾಗಿ ಐದು ತಿಂಗಳಾಗಿದ್ದು, ಕೂದಲು ತುಂಬಾ ಉದುರುತ್ತಿದೆ. ದೀಪಾವಳಿಯವರೆಗೆ ಪ್ರತಿ ಹಬ್ಬಕ್ಕೂ ಅದೇ ಜಡೆಯ ಬದಲು ಮನೆಯಲ್ಲೇ ಬೇರೆ ಬೇರೆ ಬಗೆಯಲ್ಲಿ ತಲೆ ಕಟ್ಟಿಕೊಳ್ಳಲು ಸಾಧ್ಯವೇ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಸಾಧ್ಯ. ಮೊದಲು ಮಗಳ ನೋವಿನ ವಿಷಯ ಹೇಳುತ್ತೇನೆ. ಚೌರಿ, ಹೂವು, ಜಡೆಬಿಲ್ಲೆ, ಕುಚ್ಚು ಇವೆಲ್ಲದರ ಭಾರ ಜಡೆ ಶುರುವಾಗುವ ಜಾಗದ ಕೂದಲಿನ ಬುಡವನ್ನು ಜಗ್ಗಿದಾಗ ತಲೆನೋವು ಬರುತ್ತದೆ. ಹೀಗೆ ಬಿಗಿಯಾಗಿ ಎಳೆದು ಕಟ್ಟುವುದು ಪದೇ ಪದೇ ನಡೆದರೆ ಹಣೆಯ ಅಂಚಿನಲ್ಲಿ ಕೂದಲು ಉದುರಿ, ವರ್ಷಗಟ್ಟಲೆ ಮುಂದುವರಿದರೆ ಮತ್ತೆ ಹುಟ್ಟದ ಹಂತಕ್ಕೂ ಹೋಗಬಹುದು. ಮಗು ನೋವೆಂದಾಗ ನೀವು ಜಡೆ ಬಿಚ್ಚಿದ್ದೇ ಸರಿ.

ಈ ಬಾರಿ ಚೌರಿಯನ್ನು ಬಿಟ್ಟುಬಿಡಿ. ಮೊಗ್ಗಿನ ಜಡೆ ಮೊಣಕಾಲು ಮುಟ್ಟಲೇಬೇಕೆಂಬ ನಿಯಮವೇನೂ ಇಲ್ಲ. ಮಗುವಿನ ಬೆನ್ನಿಗೆ ಗೇಣುದ್ದದ ಜಡೆಯೇ ಲಕ್ಷಣವಾಗಿ ಕಾಣುತ್ತದೆ. ಅವಳ ಜಡೆಯ ಉದ್ದಕ್ಕೆ ಎರಡು ಬೆರಳು ಹೆಚ್ಚಿಟ್ಟು, ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವಂತೆ ತೆಳುವಾದ ರಟ್ಟನ್ನು ಕತ್ತರಿಸಿಕೊಳ್ಳಿ. ಅದರ ಮೇಲೆ ಬಾಳೆಪಟ್ಟೆ ಹೊದಿಸಿ, ಅದರ ತಂಪಿಗೆ ಮೊಗ್ಗು ಬೇಗ ಬಾಡುವುದಿಲ್ಲ. ಸೂಜಿ ದಾರದಲ್ಲಿ ಒಂದೊಂದು ಸಾಲಿಗಾಗುವಷ್ಟು ಮೊಗ್ಗು ಪೋಣಿಸಿ, ಮೇಲಿನಿಂದ ಕೆಳಕ್ಕೆ ಅಡ್ಡಡ್ಡಲಾಗಿ ಒತ್ತೊತ್ತಾಗಿ ಹೊಲಿಯುತ್ತ ಬಂದು, ನಡುವೆ ಅಲ್ಲಲ್ಲಿ ಕನಕಾಂಬರ ಸೇರಿಸಿದರೆ ಬಣ್ಣ ಬರುತ್ತದೆ. ಪಟ್ಟಿಯ ಎರಡೂ ಅಂಚಿಗೆ ಮೂರು ಕಡೆ ದಾರದ ತುದಿಗಳನ್ನು ಬಿಟ್ಟುಕೊಂಡಿರಿ. ತಲೆ ಬಾಚಿ, ಬುಡದಲ್ಲಿ ಸಡಿಲವಾಗಿಯೇ ಮೂರು ಕಾಲಿನ ಜಡೆ ಹೆಣೆದ ಮೇಲೆ ಆ ದಾರಗಳನ್ನು ಜಡೆಯ ಹಿಂದೆ ಮೂರೂ ಕಡೆ ಗಂಟು ಹಾಕಿದರೆ ಭಾರ ಇಡೀ ಜಡೆಗೆ ಹಂಚಿಹೋಗುತ್ತದೆ. ಮೇಲಿನ ತುದಿಗೆ ಮಾತ್ರ ಎರಡು ಹೇರ್‌ಪಿನ್‌ಗಳನ್ನು ಒಂದರ ಮೇಲೊಂದು ಅಡ್ಡ ಬರುವಂತೆ ಸಿಕ್ಕಿಸಿ. ಪಿನ್ನಿನ ಅಲೆಯಲೆಯಾದ ಬದಿ ತಲೆಯ ಕಡೆಗಿರಬೇಕು. ಬಹಳ ಜನ ಇದನ್ನು ತಿರುವುಮುರುವಾಗಿ ಹಾಕಿಕೊಂಡು ಪಿನ್ ಜಾರುತ್ತದೆಂದು ಹೇಳುತ್ತಾರೆ.

ಮೊಗ್ಗುಗಳನ್ನು ಬೆಳಿಗ್ಗೆಯೇ ತಂದು, ಹಿಂಡಿದ ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ ತಂಪಾದ ಜಾಗದಲ್ಲಿಡಿ. ಮೇಲೆ ನೀರು ಸುರಿಯಬೇಡಿ, ಮೊಗ್ಗು ಕಂದುಬಣ್ಣಕ್ಕೆ ತಿರುಗುವುದಲ್ಲದೆ ಜಡೆಯೂ ಭಾರವಾಗುತ್ತದೆ. ಮಧ್ಯಾಹ್ನದೊಳಗೆ ಹೊಲಿದು ಮುಗಿಸಿದರೆ ಸಂಜೆಯ ಆರತಿಯ ಹೊತ್ತಿಗೆ ಅವು ಜಡೆಯ ಮೇಲೆಯೇ ಅರಳುತ್ತವೆ. ಮಲ್ಲಿಗೆ ದುಬಾರಿಯಾದ ದಿನ ಕಾಕಡ ತನ್ನಿ, ಪರಿಮಳ ಕಡಿಮೆಯಾದರೂ ಅದು ಹೆಚ್ಚು ಹೊತ್ತು ಬಾಡದೆ ಇರುತ್ತದೆ. ಪರಿಮಳಕ್ಕೆ ನಡುನಡುವೆ ಮರುಗ ಸೇರಿಸಬಹುದು. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ನಿಮ್ಮ ಊರಿಗೆ ಹತ್ತಿರದ್ದೇ ಆಗಿರುವುದರಿಂದ, ಸಿಕ್ಕ ದಿನ ಅದನ್ನು ಜಡೆಗೆ ಹೊಲಿಯದೆ ದಂಡೆ ಕಟ್ಟಿ ಮುಡಿಯಿರಿ ಎಂದು ನಾನು ಹೇಳುತ್ತೇನೆ.

ಈಗ ನಿಮ್ಮ ಕೂದಲಿನ ವಿಷಯ. ಹೆರಿಗೆಯ ನಂತರ ಉದುರುವುದು ಸಾಮಾನ್ಯವಾಗಿ ನಾಲ್ಕನೆಯ ತಿಂಗಳ ಸುಮಾರಿಗೆ ಹೆಚ್ಚಾಗಿ, ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬಹುಪಾಲು ಮಂದಿಗೆ ಮೊದಲಿನಂತಾಗುತ್ತದೆ. ಆಮೇಲೂ ನಿಲ್ಲದಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಬಿಗಿಯಾದ ರಬ್ಬರ್ ಬ್ಯಾಂಡ್, ಭಾರದ ಚೌರಿ ಎರಡೂ ಬೇಡ. ನಿಮಗೆ ಬೇಕಿರುವ ವೈವಿಧ್ಯವನ್ನು ಕುತ್ತಿಗೆಯ ಬಳಿ ಸಡಿಲವಾಗಿ ಆರಂಭವಾಗುವ ಒಂದೇ ಜಡೆಯಿಂದ ಪಡೆಯಬಹುದು. ಜಡೆ ಹೆಣೆದು ತುದಿ ಕಟ್ಟಿದ ಮೇಲೆ ಪ್ರತಿ ಕಾಲಿನ ಅಂಚನ್ನು ಬೆರಳ ತುದಿಯಿಂದ ಸ್ವಲ್ಪ ಸ್ವಲ್ಪವೇ ಹೊರಕ್ಕೆಳೆದು ಹರಡಿದರೆ, ತೆಳು ಜಡೆಯೂ ದಪ್ಪವಾಗಿ ಕಾಣುತ್ತದೆ; ಗೌರಿ ಹಬ್ಬಕ್ಕೆ ಇಷ್ಟೇ ಸಾಕು. ದಸರೆಗೆ ಅದೇ ಜಡೆಯನ್ನು ಸುರುಳಿ ಸುತ್ತಿ ನಾಲ್ಕು ಯು-ಪಿನ್ ಸಿಕ್ಕಿಸಿದರೆ ತುರುಬಾಗುತ್ತದೆ, ಸುತ್ತ ಮಲ್ಲಿಗೆ ದಂಡೆ ಸುತ್ತಿ. ಮತ್ತೊಂದು ದಿನ ಕಿವಿಯ ಮೇಲಿನ ಎರಡೂ ಬದಿಯ ಕೂದಲನ್ನು ಹಗ್ಗದಂತೆ ಹೊಸೆದು ಹಿಂದೆ ಸೇರಿಸಿ, ಉಳಿದದ್ದನ್ನು ಎರಡು ಪಾಲು ಮಾಡಿ, ಹೊರ ಅಂಚಿನಿಂದ ಸಣ್ಣ ಎಳೆ ತೆಗೆದು ಎದುರಿನ ಪಾಲಿಗೆ ದಾಟಿಸುತ್ತ ಹೋದರೆ ಮೀನಿನ ಮೂಳೆಯ ವಿನ್ಯಾಸದ ಫಿಶ್‌ಟೇಲ್ ಜಡೆ ಬರುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ, ಹಸುಗೂಸಿನ ತಾಯಿಗೆ ಹಬ್ಬದ ಬೆಳಿಗ್ಗೆ ಅಷ್ಟು ಬಿಡುವಿರುವುದಿಲ್ಲ, ಸಂಜೆಗೆ ಇಟ್ಟುಕೊಳ್ಳಿ.

ಹಬ್ಬದ ದಿನ ತಲೆಗೆ ಸ್ನಾನ ಮಾಡಿದ ಕೂದಲು ನುಣುಪಾಗಿ ಜಾರುತ್ತದೆ, ಒದ್ದೆಯಿದ್ದಾಗ ಸುಲಭವಾಗಿ ಹಿಗ್ಗಿ ತುಂಡಾಗುತ್ತದೆ. ಆದ್ದರಿಂದ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಗೈಗೆ ಒಂದೆರಡು ಹನಿ ಅಲೋವೆರಾ ಜೆಲ್ ಹಚ್ಚಿಕೊಂಡು ಸವರಿ ಹೆಣೆಯಿರಿ.

ದೀಪಾವಳಿಯ ವಿಷಯದಲ್ಲಿ ದಯವಿಟ್ಟು ಇದನ್ನು ಮರೆಯಬೇಡಿ: ಹೇರ್ ಸ್ಪ್ರೇ ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು, ನೈಲಾನ್ ಚೌರಿಯೂ ಉರಿದು ಕರಗಿ ಚರ್ಮಕ್ಕೆ ಅಂಟುತ್ತದೆ. ಹಣತೆ ಹಚ್ಚುವಾಗ, ಪಟಾಕಿಯ ಬಳಿ ನಿಲ್ಲುವಾಗ ತಾಯಿ ಮಗಳಿಬ್ಬರೂ ಕೂದಲನ್ನು ತುರುಬು ಕಟ್ಟಿಕೊಂಡಿರಿ. ಬಿಟ್ಟ ಕೂದಲಾಗಲಿ, ಮುಂದೆ ಜೋಲುವ ಕುಚ್ಚಾಗಲಿ ಬೇಡ.

ಪ್ರಶ್ನೆ: ನನ್ನ ಕೂದಲು ಕುತ್ತಿಗೆಯವರೆಗೆ ಮಾತ್ರ ಇದೆ, ಗುಂಗುರು ಬೇರೆ. ರೇಷ್ಮೆ ಸೀರೆಗೆ ಒಪ್ಪುವಂತೆ ಏನು ಮಾಡಬಹುದು?
– ಓದುಗರು, ಮೈಸೂರು

ಉತ್ತರ: ನೇರ ಮಾಡಲು ಹೋಗಬೇಡಿ, ಗುಂಗುರಿಗೆ ಪಿನ್ನೂ ಹೂವೂ ಚೆನ್ನಾಗಿ ನಿಲ್ಲುತ್ತವೆ. ನಡುಬೈತಲೆ ತೆಗೆದು ಬೈತಲೆಬೊಟ್ಟು ಇಟ್ಟುಕೊಂಡು, ಎರಡೂ ಕಡೆಯ ಮುಂಗೂದಲನ್ನು ಹೊಸೆದು ಹಿಂದೆ ಪಿನ್ ಮಾಡಿ. ಆ ಜಾಗದ ಕೆಳಗೆ ಮೈಸೂರು ಮಲ್ಲಿಗೆಯ ಮೊಳದುದ್ದದ ದಂಡೆಯನ್ನು ಅರ್ಧಚಂದ್ರಾಕಾರದಲ್ಲಿ ಕಿವಿಯಿಂದ ಕಿವಿಗೆ ಬರುವಂತೆ ಹಿಡಿದು, ಐದಾರು ಕಡೆ ಪಿನ್ ಹಾಕಿ. ದಂಡೆಯ ದಾರಕ್ಕೇ ಪಿನ್ ಸಿಕ್ಕಬೇಕು, ಹೂವಿಗೆ ಚುಚ್ಚಿದರೆ ಅರ್ಧ ದಿನಕ್ಕೇ ಕಪ್ಪಾಗುತ್ತದೆ. ಇಡೀ ದಿನ ಮುಡಿದಿದ್ದರೂ ರಾತ್ರಿ ಮಲಗುವ ಮುನ್ನ ಹೂವು, ಪಿನ್ ಎಲ್ಲವನ್ನೂ ತೆಗೆದು, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿಕೊಳ್ಳಿ.